ನೊಣದ ಕಣ್ಣಿಗೆ ನಾವು ನಿಧಾನ: ‘ಸ್ಟಾರ್ ಟ್ರೆಕ್’ನ ಮರೆತ ಕಂತೊಂದು ಮತ್ತು ರಸ್ತೆ ದಾಟುವ ಲೆಕ್ಕ

ಮಂಡ್ಯ ಕಡೆಯ ಆಲೆಮನೆಗೆ ಹೋದವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಕೈಯಲ್ಲಿ ಬಿಸಿಬಿಸಿ ಬೆಲ್ಲದ ತುಂಡು, ಅದರ ಮೇಲೊಂದು ನೊಣ. ಹೊಡೆಯೋಣ ಎಂದು ಕೈ ಎತ್ತಿದ್ದೇ ತಡ, ನೊಣ ಮಾಯ! ನಾವು ಎಷ್ಟೇ ಬೇಗ ಕೈ ಬೀಸಿದರೂ ಅದಕ್ಕೆ ಮೊದಲೇ ಗೊತ್ತಾಗಿಬಿಡುತ್ತದೆ. ನೊಣಕ್ಕೆ ನಾವು ನಿಧಾನವಾಗಿ ಕಾಣಿಸುತ್ತೇವೆಯೇ?

ಹೆಚ್ಚೂಕಡಿಮೆ ಇದೇ ಪ್ರಶ್ನೆಯನ್ನು ಇಟ್ಟುಕೊಂಡು 1968ರಲ್ಲೇ ಒಂದು ಟಿವಿ ಕಂತು ಬಂದಿತ್ತು. ವಿಜ್ಞಾನದ ಲೆಕ್ಕದಲ್ಲಿ ಆ ಕಂತು ಎಡವುತ್ತದೆ. ಆದರೆ ಅದು ಎಡವಿದ್ದು ಎಲ್ಲಿ ಎಂದು ಹುಡುಕುತ್ತಾ ಹೋದರೆ, ಹೆದ್ದಾರಿ ಪಕ್ಕದ ಊರಿನವರೆಲ್ಲ ತಿಳಿದಿರಬೇಕಾದ ಒಂದು ವಿಷಯ ಸಿಗುತ್ತದೆ.

ಏನಿದು ಕತೆ?

‘ಸ್ಟಾರ್ ಟ್ರೆಕ್’ ಅಮೆರಿಕದಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ಧಾರಾವಾಹಿ. 80ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿತ್ತು. ಅದರ ಒಟ್ಟು 79 ಕಂತುಗಳಲ್ಲಿ ‘ವಿಂಕ್ ಆಫ್ ಆ್ಯನ್ ಐ’ ಕೂಡ ಒಂದು. ಮೂರನೇ ಸೀಸನ್‌ನ ಈ ಕಂತು ಪ್ರಸಾರವಾದದ್ದು 1968ರ ನವೆಂಬರ್ 29ರಂದು. ಧಾರಾವಾಹಿಯ ಹೆಸರಾಂತ ಕಂತುಗಳ ಮಾತು ಬಂದಾಗ ಇದನ್ನು ನೆನೆಯುವವರು ಕಡಿಮೆ.

ಹೆಸರಿನ ಅರ್ಥ ‘ಎವೆಯಿಕ್ಕುವಷ್ಟು ಹೊತ್ತು’. ನಾವು ದಿನವೂ ಬಳಸುವ ‘ನಿಮಿಷ’ ಎಂಬ ಪದದ ಮೂಲ ಅರ್ಥವೂ ಅದೇ. ರೆಪ್ಪೆ ಬಡಿಯದ ದೇವತೆಗಳನ್ನು ‘ಅನಿಮಿಷರು’ ಎನ್ನುವುದು ಇದೇ ಕಾರಣಕ್ಕೆ.

ಕತೆಯಲ್ಲಿ ಎಂಟರ್‌ಪ್ರೈಸ್ ನೌಕೆಯವರು ಸ್ಕೇಲೋಸ್ ಎಂಬ ಗ್ರಹಕ್ಕೆ ಬರುತ್ತಾರೆ. ಊರೆಲ್ಲ ಖಾಲಿ. ಸೊಳ್ಳೆ ಗುಂಯ್‌ಗುಟ್ಟಿದಂತಹ ಸದ್ದು ಮಾತ್ರ ಕೇಳುತ್ತದೆ. ಜ್ವಾಲಾಮುಖಿಯಿಂದಾಗಿ ಅಲ್ಲಿನ ನೀರು ಕೆಟ್ಟಿದೆ. ಅದನ್ನು ಕುಡಿದ ಜನರ ಬದುಕಿನ ವೇಗ ವಿಪರೀತ ಹೆಚ್ಚಿ, ಅವರು ಬೇರೆಯವರ ಕಣ್ಣಿಗೇ ಕಾಣದಂತಾಗಿದ್ದಾರೆ. ಆ ಗುಂಯ್ ಸದ್ದು ಅವರ ಮಾತು! ನಾಯಕ ಕರ್ಕ್ ಕುಡಿಯುವ ಕಾಫಿಯಲ್ಲಿ ಅದೇ ನೀರು ಬೆರೆತಿರುತ್ತದೆ. ಕುಡಿದ ಸ್ವಲ್ಪ ಹೊತ್ತಿಗೆ ಅವನ ಸಂಗಾತಿಗಳೆಲ್ಲ ಗೊಂಬೆಗಳಂತೆ ನಿಂತುಬಿಡುತ್ತಾರೆ. ಸ್ಕೇಲೋಸ್‌ನ ರಾಣಿ ಡೀಲಾ ಅವನೆದುರು ಪ್ರತ್ಯಕ್ಷಳಾಗುತ್ತಾಳೆ. ಅವನು ಅವಳತ್ತ ಕಿರಣದ ಆಯುಧ ಹಾರಿಸಿದರೆ, ಅವಳು ಆರಾಮವಾಗಿ ಪಕ್ಕಕ್ಕೆ ಸರಿಯುತ್ತಾಳೆ.

ಲೆಕ್ಕ ಹಾಕಿ ನೋಡೋಣ

ಮೊದಲು ಸದ್ದನ್ನು ನೋಡೋಣ. ಗಂಡಸಿನ ಧ್ವನಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 120 ಸಲ. ಹೆಣ್ಣು ಸೊಳ್ಳೆ ಸೆಕೆಂಡಿಗೆ ಸುಮಾರು 400ರಿಂದ 600 ಸಲ ರೆಕ್ಕೆ ಬಡಿಯುತ್ತದೆ. ಅಂದರೆ ನಮ್ಮ ಮಾತು ಸೊಳ್ಳೆಯ ಸದ್ದಿನಂತೆ ಕೇಳಬೇಕಾದರೆ ಅದನ್ನು ನಾಲ್ಕು ಪಟ್ಟು ವೇಗಗೊಳಿಸಿದರೆ ಸಾಕು.

ಆದರೆ ನಾಲ್ಕು ಪಟ್ಟು ವೇಗದಲ್ಲಿ ಯಾರೂ ಮಾಯವಾಗುವುದಿಲ್ಲ. ನಾವು ಗಂಟೆಗೆ 5 ಕಿ.ಮೀ. ನಡೆಯುತ್ತೇವೆ. ಅದರ ನಾಲ್ಕು ಪಟ್ಟು ಎಂದರೆ 20 ಕಿ.ಮೀ., ಜೋರಾಗಿ ಸೈಕಲ್ ತುಳಿಯುವ ಹುಡುಗನ ವೇಗ. ಅವನು ನಮಗೆ ಚೆನ್ನಾಗಿಯೇ ಕಾಣುತ್ತಾನೆ.

ನಿಜಕ್ಕೂ ಕಾಣಬಾರದು ಎಂದರೆ, ಐದು ಮೀಟರ್ ಉದ್ದದ ಕೋಣೆಯನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ದಾಟಬೇಕು ಎಂದಿಟ್ಟುಕೊಳ್ಳೋಣ. ಅದು ಗಂಟೆಗೆ 1,800 ಕಿ.ಮೀ. ಆಯಿತು, ನಮ್ಮ ನಡಿಗೆಯ 360 ಪಟ್ಟು. ಶಬ್ದದ ವೇಗವೇ ಗಂಟೆಗೆ ಸುಮಾರು 1,235 ಕಿ.ಮೀ. ಹಾಗಾಗಿ ಡೀಲಾ ಹೆಜ್ಜೆ ಹಾಕಿದಾಗಲೆಲ್ಲ ಯುದ್ಧವಿಮಾನ ಹಾದುಹೋದಂತೆ ಢಂ ಎನ್ನಬೇಕು. ಅವಳ ಮಾತಿನ ಕಂಪನವೂ ಸೆಕೆಂಡಿಗೆ 43,000 ದಾಟುತ್ತದೆ. ಮನುಷ್ಯರ ಕಿವಿಯ ಮಿತಿ 20,000. ಅವಳ ಮಾತು ಬಾವಲಿಗೆ ಕೇಳೀತು, ನಮಗಲ್ಲ. ಒಟ್ಟಿನಲ್ಲಿ, ಸದ್ದು ಕೇಳುವುದಾದರೆ ಮಾಯವಾಗಲು ಆಗದು, ಮಾಯವಾದರೆ ಸದ್ದು ಕೇಳದು.

ಕಿರಣದಿಂದ ತಪ್ಪಿಸಿಕೊಳ್ಳುವುದಂತೂ ದೂರದ ಮಾತು. ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಸಾಗುತ್ತದೆ. 360 ಪಟ್ಟು ಚುರುಕಾದವರಿಗೂ ಅದು ಸೆಕೆಂಡಿಗೆ 830 ಕಿ.ಮೀ. ವೇಗದಲ್ಲಿ ಬಂದಂತೆಯೇ ಇರುತ್ತದೆ.

ಹಾಗಾದರೆ ನೊಣ?

ಕುತೂಹಲದ ವಿಷಯವೆಂದರೆ, ಆ ‘ನಾಲ್ಕು ಪಟ್ಟು’ ನಿಸರ್ಗದಲ್ಲಿ ನಿಜಕ್ಕೂ ಇದೆ. ಮಿನುಗುವ ದೀಪದ ವೇಗವನ್ನು ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ಅದು ಮಿನುಗುವುದು ನಿಲ್ಲಿಸಿ ಒಂದೇ ಸಮನೆ ಉರಿದಂತೆ ಕಾಣುತ್ತದೆ. ಮನುಷ್ಯರಿಗೆ ಆ ಹಂತ ಸೆಕೆಂಡಿಗೆ ಸುಮಾರು 60 ಸಲ, ನೊಣಕ್ಕೆ ಸುಮಾರು 250 ಸಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮಗೆ ಅದು ಸಮನಾದ ಬೆಳಕು, ನೊಣಕ್ಕೆ ಹಾಗಲ್ಲ.

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಕೆವಿನ್ ಹೀಲಿ ಮತ್ತು ಸಂಗಡಿಗರು 2013ರಲ್ಲಿ 30ಕ್ಕೂ ಹೆಚ್ಚು ಬಗೆಯ ಪ್ರಾಣಿಗಳ ಇಂತಹ ಅಂಕಿಗಳನ್ನು ಹೋಲಿಸಿದರು. ದೇಹ ಚಿಕ್ಕದಿದ್ದು, ಒಳಗೆ ಶಕ್ತಿ ಬೇಗ ಉರಿಯುವ ಪ್ರಾಣಿಗಳ ಕಣ್ಣು ಹೆಚ್ಚು ಚುರುಕು ಎಂಬುದು ಅವರಿಗೆ ಕಂಡುಬಂತು. ಭಾರೀ ಗಾತ್ರದ ಒಂದು ಕಡಲಾಮೆಗೆ ಆ ಮಿತಿ ಬರೀ 15. ನೊಣಕ್ಕೆ ‘ಅನಿಸುವುದು’ ಹೇಗೆ ಎಂದು ಇದರಿಂದ ಹೇಳಲಾಗದು. ಆದರೆ ಅದೇ ಒಂದು ಸೆಕೆಂಡಿನಲ್ಲಿ ಅದರ ಕಣ್ಣು ನಮಗಿಂತ ಹೆಚ್ಚು ಬದಲಾವಣೆಗಳನ್ನು ಹಿಡಿಯುತ್ತದೆ ಎಂಬುದು ಖಚಿತ.

ಇನ್ನೊಂದು ವಿಷಯ. ಅಮೆರಿಕದ ಮೈಕಲ್ ಡಿಕಿನ್ಸನ್ ಅವರ ತಂಡ 2008ರಲ್ಲಿ ಅತಿವೇಗದ ಕ್ಯಾಮೆರಾದಲ್ಲಿ ಹಣ್ಣಿನ ನೊಣಗಳನ್ನು ಚಿತ್ರೀಕರಿಸಿತು. ಅಪಾಯ ಬರುತ್ತಿರುವ ದಿಕ್ಕನ್ನು ನೋಡಿ, ಹಾರುವ ಮೊದಲೇ ನೊಣ ಕಾಲುಗಳನ್ನು ಸರಿಪಡಿಸಿಕೊಂಡು ವಿರುದ್ಧ ದಿಕ್ಕಿಗೆ ನೆಗೆಯಲು ಸಿದ್ಧವಾಗುತ್ತದೆ. ಹಾಗಾಗಿ ಅದು ಕೂತ ಜಾಗಕ್ಕಲ್ಲ, ನೆಗೆಯುವ ಕಡೆಗೆ ತುಸು ಮುಂದೆ ಹೊಡೆಯಬೇಕು!

ಅಪಾಯದಲ್ಲಿ ನಾವೂ ಚುರುಕಾಗುತ್ತೇವೆಯೇ?

“ಬಸ್ ಇನ್ನೇನು ಗುದ್ದಬೇಕು, ಆಗ ಎಲ್ಲ ನಿಧಾನವಾಗಿ ಕಂಡಿತು” ಎಂದು ಅಪಘಾತದಲ್ಲಿ ಬದುಕುಳಿದವರು ಹೇಳುವುದನ್ನು ಕೇಳಿದ್ದೇವೆ. ಆ ಗಳಿಗೆಯಲ್ಲಿ ಮಿದುಳು ಸ್ಕೇಲೋಸ್‌ನವರಂತೆ ವೇಗವಾಗುತ್ತದೆ ಎಂದು ಹಲವರ ನಂಬಿಕೆ.

ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪರೀಕ್ಷಿಸಿದರು. 31 ಮೀಟರ್ ಎತ್ತರದಿಂದ ಜನರನ್ನು ಹಿಮ್ಮುಖವಾಗಿ ಬಲೆಯ ಮೇಲೆ ಬೀಳಿಸಿದರು. ಅವರ ಕೈಗೆ ಕಟ್ಟಿದ್ದ ಸಾಧನದಲ್ಲಿ ಅಂಕಿಗಳು ಓದಲಾಗದಷ್ಟು ವೇಗವಾಗಿ ಬದಲಾಗುತ್ತಿದ್ದವು. ಕಣ್ಣು ನಿಜಕ್ಕೂ ಚುರುಕಾದರೆ ಅವನ್ನು ಓದಲು ಆಗಬೇಕಿತ್ತು. ಆಗಲಿಲ್ಲ. ಆದರೆ ಬಿದ್ದವರಿಗೆ ತಮ್ಮ ಬೀಳುವಿಕೆ, ಬೇರೆಯವರು ಬಿದ್ದುದಕ್ಕಿಂತ ಸರಾಸರಿ 36% ದೀರ್ಘ ಎನಿಸಿತ್ತು. ಭಯದಲ್ಲಿ ನೆನಪು ದಟ್ಟವಾಗಿ ದಾಖಲಾಗುತ್ತದೆ. ಆಮೇಲೆ ನೆನೆಸಿಕೊಂಡಾಗ ಆ ಹೊತ್ತು ಉದ್ದವಾಯಿತು ಅನಿಸುತ್ತದೆ. ಆ ಕ್ಷಣದಲ್ಲಿ ನಮಗೆ ಹೆಚ್ಚುವರಿ ಸಮಯವೇನೂ ಸಿಕ್ಕಿರುವುದಿಲ್ಲ.

“ಇನ್ನೂ ದೂರೈತೆ, ದಾಟ್ಬುಡು”

ಸೋಮನಹಳ್ಳಿ ಮದ್ದೂರಿನ ಸಮೀಪ, ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ಊರು. ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಹುಟ್ಟಿದ್ದು ಇಲ್ಲೇ. 2023ರ ಮಾರ್ಚ್ 12ರಂದು ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಅಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿ.ಮೀ. ಇಂತಹ ಹೆದ್ದಾರಿಯ ಎರಡೂ ಬದಿಗೆ ಊರು, ಗದ್ದೆ, ಶಾಲೆಗಳಿವೆ. “ಇನ್ನೂ ದೂರೈತೆ, ದಾಟ್ಬುಡು” ಎಂಬ ಮಾತು ಇಂತಹ ಊರುಗಳಲ್ಲಿ ಹೊಸದೇನಲ್ಲ.

ಆ ಮಾತಿನ ತಪ್ಪು ಎಲ್ಲಿದೆ ನೋಡೋಣ. ಏಳು ಮೀಟರ್ ಅಗಲದ ರಸ್ತೆ ದಾಟಲು ಒಂದು ಮಗುವಿಗೆ ಸುಮಾರು 6 ಸೆಕೆಂಡ್ ಬೇಕು. ಕಾರು 150 ಮೀಟರ್ ದೂರದಲ್ಲಿದೆ. ಅದರ ವೇಗ 50 ಕಿ.ಮೀ. ಇದ್ದರೆ ಹತ್ತಿರ ಬರಲು ಸುಮಾರು 11 ಸೆಕೆಂಡ್, ಮಗು ಆ ಬದಿ ಸೇರಿರುತ್ತದೆ. ವೇಗ 100 ಇದ್ದರೆ 5.4 ಸೆಕೆಂಡ್, ಮಗು ಇನ್ನೂ ರಸ್ತೆಯಲ್ಲೇ ಇರುತ್ತದೆ. ದೂರ ಎರಡರಲ್ಲೂ ಒಂದೇ.

ವೇಗ ನಮಗೆ ಯಾಕೆ ಗೊತ್ತಾಗುವುದಿಲ್ಲ? ನೇರವಾಗಿ ನಮ್ಮತ್ತ ಬರುವ ವಾಹನ ಅಕ್ಕಪಕ್ಕ ಸರಿಯುವುದಿಲ್ಲ, ದೊಡ್ಡದಾಗುತ್ತಾ ಬರುತ್ತದಷ್ಟೇ. 150 ಮೀಟರ್ ದೂರದ ಕಾರು, ಚಾಚಿದ ಕೈಯ ಕಿರುಬೆರಳ ಅಗಲಕ್ಕಿಂತಲೂ ಚಿಕ್ಕದಾಗಿ ಕಾಣುತ್ತದೆ. ಅದು ಎರಡು ಪಟ್ಟು ದೊಡ್ಡದಾಗಿ ಕಾಣುವ ಹೊತ್ತಿಗೆ ಅರ್ಧ ದೂರ ಮುಗಿದಿರುತ್ತದೆ. ಲಂಡನ್ನಿನ ರಾಯಲ್ ಹಾಲೋವೇ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿದಾಗ, ವೇಗ ಗಂಟೆಗೆ 32 ಕಿ.ಮೀ. ಮೀರಿದರೆ ವಾಹನ ಹತ್ತಿರ ಬರುತ್ತಿರುವುದನ್ನು ಮಕ್ಕಳ ಕಣ್ಣು ಸರಿಯಾಗಿ ಗುರುತಿಸದೆ ಹೋಗಬಹುದು ಎಂದು ತಿಳಿದುಬಂತು. ಇದು ಮಕ್ಕಳ ಅಜಾಗರೂಕತೆ ಅಲ್ಲ, ಇನ್ನೂ ಬೆಳೆಯುತ್ತಿರುವ ಕಣ್ಣು–ಮಿದುಳಿನ ಮಿತಿ.

ಸ್ಟಿಯರಿಂಗ್ ಹಿಡಿದವರಿಗೂ ಇದೇ ಮಿತಿಯಿದೆ. ಕಂಡದ್ದು ಏನೆಂದು ತಿಳಿದು ಬ್ರೇಕ್ ತುಳಿಯಲು 1.5 ಸೆಕೆಂಡ್ ಹಿಡಿಯಿತು ಎನ್ನೋಣ. 100 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ 42 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಒಟ್ಟು ಸುಮಾರು 97 ಮೀಟರ್ ಬೇಕು. 50 ಕಿ.ಮೀ. ವೇಗದಲ್ಲಾದರೆ 35 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟಿನ ಹತ್ತಿರ ಹೋಗುತ್ತದೆ.

ಏನು ಮಾಡಬಹುದು?

ಮಕ್ಕಳಿಗೆ “ನೋಡಿಕೊಂಡು ದಾಟು” ಎಂದಷ್ಟೇ ಹೇಳಿದರೆ ಸಾಲದು, ನೋಡಿದರೂ ಅವರಿಗೆ ವೇಗ ತಿಳಿಯದಿರಬಹುದು. ಕೈ ಹಿಡಿದು ದಾಟಿಸಿ. ಅಂಡರ್‌ಪಾಸ್ ಅಥವಾ ಮೇಲ್ಸೇತುವೆ ಇದ್ದರೆ, ಸುತ್ತು ಬಳಸಾದರೂ ಅದರಲ್ಲೇ ಹೋಗಿ. ಇಲ್ಲದ ಕಡೆ, ಬರುವ ವಾಹನ ಹಾದುಹೋಗುವವರೆಗೆ ಕಾಯಿರಿ. ದೂರ ನೋಡಿ ಅಂದಾಜು ಮಾಡಬೇಡಿ. ವಾಹನ ಓಡಿಸುವವರು ಊರು ಕಂಡ ಕೂಡಲೇ ವೇಗ ತಗ್ಗಿಸಿ. ಊರಿನ ಬಳಿ ದಾಟುವ ದಾರಿ ಕೇಳುವುದು, ವೇಗಕ್ಕೆ ಕಡಿವಾಣ ಕೇಳುವುದು ಅತಿಯಾದ ಬೇಡಿಕೆಯೇನಲ್ಲ. ರಸ್ತೆಯನ್ನು ಮನುಷ್ಯರ ಕಣ್ಣಿನ ಮಿತಿಗೆ ತಕ್ಕಂತೆ ಮಾಡಬಹುದು, ಕಣ್ಣನ್ನು ರಸ್ತೆಗೆ ತಕ್ಕಂತೆ ಬದಲಿಸಲಾಗದು.

ಆ ಕಂತಿನಲ್ಲಿ ಒಂದು ಲೋಟ ಕಾಫಿ ಕುಡಿದು ಕರ್ಕ್ ನಮ್ಮೆಲ್ಲರಿಗಿಂತ ಚುರುಕಾದ. ನಮಗೆ ಅಂತಹ ಕಾಫಿ ಇಲ್ಲ. ಒಂದು ಸಲ ಎವೆಯಿಕ್ಕಲು ಸೆಕೆಂಡಿನ ಐದನೇ ಒಂದು ಭಾಗ ಎಂದುಕೊಂಡರೂ, ಅಷ್ಟರಲ್ಲಿ ಹೆದ್ದಾರಿಯ ಕಾರು ಐದೂವರೆ ಮೀಟರ್ ಮುಂದೆ ಬಂದಿರುತ್ತದೆ.