ಬಾಯಿ ಒಣಗುತ್ತಿದೆಯೇ? ಸಕ್ಕರೆ ಪರೀಕ್ಷಿಸಿಕೊಳ್ಳಿ

"ಡಾಕ್ಟ್ರೇ, ರೊಟ್ಟಿ ಜಗಿದರೂ ನೀರಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ." ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಸಕ್ಕರೆ ಕಾಯಿಲೆಯವರಲ್ಲಿ ಈ ದೂರು ಸಾಮಾನ್ಯ. ಹೆಚ್ಚಿನವರು ಇದನ್ನು 'ಉಷ್ಣ' ಎಂದು ಸುಮ್ಮನಾಗುತ್ತಾರೆ. ನೀವು ಹಾಗೆ ಮಾಡಬೇಡಿ.

ಜೊಲ್ಲು ಅಲ್ಲಾಹನ ದೊಡ್ಡ ಅನುಗ್ರಹ. ಕಿವಿಯ ಮುಂದೆ, ದವಡೆಯ ಕೆಳಗೆ ಮತ್ತು ನಾಲಿಗೆಯಡಿ ಇರುವ ಮೂರು ಜೋಡಿ ದೊಡ್ಡ ಗ್ರಂಥಿಗಳು ಹಾಗೂ ನೂರಾರು ಸಣ್ಣ ಗ್ರಂಥಿಗಳು ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ. ಅದು ಆಹಾರವನ್ನು ಮೃದುಗೊಳಿಸುತ್ತದೆ, ಹಲ್ಲನ್ನು ಆಮ್ಲದಿಂದ ಕಾಯುತ್ತದೆ, ಸೋಂಕು ತಡೆಯುತ್ತದೆ.

ಸಕ್ಕರೆ ಮಾಡುವ ಹಾನಿ

ರಕ್ತದಲ್ಲಿ ಸಕ್ಕರೆ ಏರಿದಾಗ ಮೂತ್ರ ಹೆಚ್ಚುತ್ತದೆ, ದೇಹದ ನೀರು ಕಡಿಮೆಯಾಗುತ್ತದೆ, ಬಾಯಿ ಒಣಗುತ್ತದೆ. ಇದು ಮೊದಲ ಹಂತ. ಸಕ್ಕರೆ ಹತೋಟಿಗೆ ಬಂದರೆ ಸರಿಹೋಗುತ್ತದೆ. ವರ್ಷಗಟ್ಟಲೆ ಹತೋಟಿ ತಪ್ಪಿದರೆ ಗ್ರಂಥಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಮತ್ತು ಜೊಲ್ಲು ಸುರಿಸಲು ಆಜ್ಞೆ ಕೊಡುವ ನರಗಳು ಕೆಡುತ್ತವೆ. ಜೊಲ್ಲು ತಯಾರಿಸುವ ಜೀವಕೋಶಗಳು ಕುಗ್ಗಿ, ಆ ಜಾಗದಲ್ಲಿ ಕೊಬ್ಬು ಸೇರುತ್ತದೆ. ಕೆಲವರಲ್ಲಿ ಎರಡೂ ಕಿವಿಗಳ ಮುಂದೆ ನೋವಿಲ್ಲದ ಊತ ಬರುತ್ತದೆ. ಅದನ್ನು 'ಮಂಗನಬಾವು' ಎಂದುಕೊಂಡು ಲೇಪ ಹಚ್ಚುತ್ತಾ ಕೂರಬೇಡಿ. ಒಂದೇ ಕಡೆ ಗಂಟು ಕಂಡರಂತೂ ತಕ್ಷಣ ವೈದ್ಯರಿಗೆ ತೋರಿಸಿ.

ಜೊಲ್ಲು ಕಡಿಮೆಯಾದರೆ ಹಲ್ಲು ಹುಳುಕಾಗುತ್ತದೆ, ನಾಲಿಗೆಯಲ್ಲಿ ಬಿಳಿ ಶಿಲೀಂಧ್ರ ಬೆಳೆಯುತ್ತದೆ, ರುಚಿ ಕೆಡುತ್ತದೆ. ಮಧುಮೇಹಿಗಳಲ್ಲಿ ವಸಡೂ ಬೇಗ ಕೆಡುತ್ತದೆ. ವಸಡಿನ ಸೋಂಕು ಮತ್ತೆ ಸಕ್ಕರೆಯನ್ನು ಏರಿಸುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತದೆ.

ಏನು ಮಾಡಬೇಕು?

* 30 ದಾಟಿದ ಎಲ್ಲರೂ ಸಕ್ಕರೆ ಪರೀಕ್ಷಿಸಿಕೊಳ್ಳಿ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಮಧುಮೇಹವಿದ್ದವರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ.
* ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಬಾಯಿ ಒಣಗಿತೆಂದು ಶರಬತ್ತು, ಸಕ್ಕರೆ ಚಹಾ, ಪೆಪ್ಪರ್‌ಮಿಂಟ್ ಬೇಡ. ಒಂದು ಏಲಕ್ಕಿ ಜಗಿದರೆ ಜೊಲ್ಲು ಸುರಿಯುತ್ತದೆ.
* ಗುಟ್ಕಾ, ಬೀಡಿ, ತಂಬಾಕಿನ ಎಲೆಅಡಿಕೆ ಬಿಡಿ.
* ವುಝೂವಿನ ಮೊದಲು ಮಿಸ್ವಾಕ್ ಮಾಡುವ ಸುನ್ನತ್ ಪಾಲಿಸಿ; ವಸಡಿಗೆ ಗಾಯವಾಗದಂತೆ ಮೃದುವಾಗಿ ಉಜ್ಜಿ. ರಾತ್ರಿ ಫ್ಲೋರೈಡ್ ಪೇಸ್ಟ್ ಬಳಸಿ. ವರ್ಷಕ್ಕೆರಡು ಬಾರಿ ದಂತವೈದ್ಯರನ್ನು ಕಾಣಿ.
* ಕೆಲವು ಬಿ.ಪಿ., ಅಲರ್ಜಿ, ಮಾನಸಿಕ ಸಮಸ್ಯೆಯ ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ನೀವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.

ಯೂನಾನಿಯಲ್ಲಿ ಸಕ್ಕರೆ ಕಾಯಿಲೆಯನ್ನು 'ಜಯಾಬೀತುಸ್' ಎನ್ನುತ್ತೇವೆ. ತೀರದ ಬಾಯಾರಿಕೆ ಅದರ ಮುಖ್ಯ ಲಕ್ಷಣವೆಂದು ನಮ್ಮ ಗ್ರಂಥಗಳೂ ಹೇಳುತ್ತವೆ. ಆದರೆ ಯೂನಾನಿ ವೈದ್ಯನಾಗಿಯೇ ಹೇಳುತ್ತೇನೆ: ನೇರಳೆ ಬೀಜದ ಪುಡಿ, ಮೆಂತ್ಯೆ ನಂಬಿ ಇನ್ಸುಲಿನ್ ಅಥವಾ ಮಾತ್ರೆ ನಿಲ್ಲಿಸಬೇಡಿ.

ರಮಝಾನ್‌ಗೆ ಮೊದಲೇ ವೈದ್ಯರ ಸಲಹೆ ಪಡೆಯಿರಿ. ಉಪವಾಸದಲ್ಲಿ ಬಾಯಿ ಒಣಗುವುದು ಸಹಜವೇ. ಆದರೆ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ರೋಗಿಗೆ ಕುರ್‌ಆನ್ ಕೊಟ್ಟಿರುವ ರಿಯಾಯಿತಿ ಇಂಥ ಸಮಯಕ್ಕಾಗಿಯೇ ಇದೆ. ದೇಹವು ನಮ್ಮ ಬಳಿಯಿರುವ ಅಮಾನತ್ತು. ಅದನ್ನು ಕಾಪಾಡುವುದೂ ನಮ್ಮ ಹೊಣೆ.