ನಿಮಗಿದು ಗೊತ್ತೇ? ಕಡಲಡಿಯ ಕೊನೆಯ 50 ಬಾರ್

ಸಾಗರ ಪಟ್ಟಣದ ಬಳಿಯ ವರದಹಳ್ಳಿಯ ಶ್ರೀಧರ ಸ್ವಾಮಿಗಳ ಸನ್ನಿಧಿಗೆ ಬಂದವರಲ್ಲಿ ಅನೇಕರು ಜೋಗ ನೋಡಿ, ಘಟ್ಟ ಇಳಿದು ಮುರುಡೇಶ್ವರಕ್ಕೂ ಹೋಗುತ್ತಾರೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಈಗ ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ. ದೋಣಿ ಹತ್ತುವ ಮುನ್ನ ಇಷ್ಟು ತಿಳಿದಿರಲಿ.

ಬೆನ್ನಿಗೆ ಕಟ್ಟುವ ಸಿಲಿಂಡರ್‌ನಲ್ಲಿ ಇರುವುದು ಬರೀ ಆಮ್ಲಜನಕವಲ್ಲ. ನಾವು ದಿನವೂ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು 6 ಮೀಟರ್‌ಗಿಂತ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬರುವ ಅಪಾಯವಿದೆ.

ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್‌ಗೆ ನೀರು ತುಂಬಿದರೆ 11 ಲೀಟರ್ ಹಿಡಿದೀತು. ಅದರಲ್ಲೇ 200 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ಕೂರುತ್ತದೆ.

ನಿಮಿಷಕ್ಕೆ 20 ಲೀಟರ್ ಬಳಸುವವರಿಗೆ ಇಷ್ಟು ಗಾಳಿ ನೀರಿನ ಮೇಲೆ 110 ನಿಮಿಷ ಬರುತ್ತದೆ. 10 ಮೀಟರ್ ಆಳದಲ್ಲಿ ಅದರ ಅರ್ಧ, 20 ಮೀಟರ್‌ನಲ್ಲಿ ಮೂರನೇ ಒಂದು ಭಾಗ ಸಮಯ ಮಾತ್ರ.

ಸಿಲಿಂಡರ್‌ನ ಒತ್ತಡ ತೋರಿಸುವ ಗೇಜಿನಲ್ಲಿ ಸಾಮಾನ್ಯವಾಗಿ 50 ಬಾರ್‌ನಿಂದ ಕೆಳಗೆ ಕೆಂಪು ಬಣ್ಣ. ಅಷ್ಟು ಉಳಿಸಿಕೊಂಡು ಮೇಲೆ ಬನ್ನಿ ಎಂದು ಎಲ್ಲೆಡೆ ಹೇಳಿಕೊಡುತ್ತಾರೆ. ಆದರೆ 50 ಬಾರ್ ಆದ ಮೇಲೆ ಹೊರಟರಾಯಿತು ಎಂದುಕೊಳ್ಳುವುದು ತಪ್ಪು. ಲೆಕ್ಕ ನೋಡಿ: 20 ಮೀಟರ್ ಆಳದಲ್ಲಿ ಜೊತೆಗಾರನ ಗಾಳಿ ನಿಂತಿತು, ಇಬ್ಬರೂ ಒಂದೇ ಸಿಲಿಂಡರ್‌ನಲ್ಲಿ ಉಸಿರಾಡಬೇಕು. ಗಾಬರಿಯಲ್ಲಿ ತಲಾ 30 ಲೀಟರ್ ಎಂದರೆ ನೀರಿನ ಮೇಲಿನ ಲೆಕ್ಕದಲ್ಲಿ ನಿಮಿಷಕ್ಕೆ 60; ಈ ಆಳದಲ್ಲಿ ಅದರ ಮೂರು ಪಟ್ಟು, ಏರಿದಂತೆ ಕಡಿಮೆ. ಸಾವರಿಸಿಕೊಳ್ಳಲು ಅಲ್ಲೇ ಒಂದು ನಿಮಿಷ: 180 ಲೀಟರ್. ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಲು ಮೂರು ನಿಮಿಷ ಇಟ್ಟುಕೊಳ್ಳಿ: 360. ಮೇಲೆ ಬರುವ ಮೊದಲು 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕು: 270. ಒಟ್ಟು 810 ಲೀಟರ್, ಅಂದರೆ ಸುಮಾರು 74 ಬಾರ್! ಇದೇ ಲೆಕ್ಕ 10 ಮೀಟರ್‌ಗೆ ಹಾಕಿದರೆ 50ರ ಆಸುಪಾಸಿಗೆ ಬರುತ್ತದೆ. ಆಳ ಹೆಚ್ಚಿದಷ್ಟೂ ಮೀಸಲು ಹೆಚ್ಚಬೇಕು. ಈ ಲೆಕ್ಕವನ್ನು ದೋಣಿಯಲ್ಲೇ ಮುಗಿಸಬೇಕು, ನೀರಿನಡಿಯಲ್ಲಿ ಅಲ್ಲ.

ಗೇಜ್ ಬಳಕೆಗೆ ಬರುವ ಮುಂಚೆ ಹಳೆಯ ಬೈಕಿನ ಪೆಟ್ರೋಲ್ ಟ್ಯಾಂಕಿನಂತೆ ಸಿಲಿಂಡರ್‌ಗೂ 'ರಿಸರ್ವ್' ಇತ್ತು. ಉಸಿರೆಳೆಯುವುದು ಬಿಗಿಯಾದಾಗ ಸರಳು ಎಳೆದರೆ ಉಳಿದ ಗಾಳಿ ಬಿಡುಗಡೆ. ಸರಳು ಎಲ್ಲಾದರೂ ತಾಗಿ ಮೊದಲೇ ಜಾರಿದ್ದರೆ ಮಾತ್ರ ಮೀಸಲು ಸದ್ದಿಲ್ಲದೆ ಖರ್ಚಾಗಿರುತ್ತಿತ್ತು.

ನೀರೊಳಗಿನ ಗುಹೆಗಳಿಗೆ ಹೋಗುವವರ ನಿಯಮ ಇನ್ನೂ ಬಿಗಿ: ಗಾಳಿಯ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಆಪತ್ತಿಗೆ.

ಇದು ಅತಿಯಾದ ಎಚ್ಚರಿಕೆಯಲ್ಲ. ಸ್ಕೂಬಾ ಸಾವುಗಳ ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವಘಡ ಹೇಗೆ ಶುರುವಾಯಿತೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳ ಪೈಕಿ ಶೇ. 41ರಲ್ಲಿ ಗಾಳಿ ಸಾಲದೆ ಹೋದದ್ದೇ ಮೊದಲ ಕಾರಣ.

ಹೆಬ್ಬೆರಳು ಮೇಲೆತ್ತಿದರೆ ನೀರಿನಡಿಯಲ್ಲಿ 'ಚೆನ್ನಾಗಿದೆ' ಎಂದಲ್ಲ, 'ಮೇಲೆ ಹೋಗೋಣ' ಎಂದು. ಗಾಳಿ ಮುಗಿದಿದ್ದರೆ ಅಂಗೈ ಮಟ್ಟಸವಾಗಿ ಹಿಡಿದು ಕತ್ತಿನ ಮುಂದೆ ಅಡ್ಡ ಆಡಿಸಬೇಕು. ಜೊತೆಗಾರನ ಬಳಿ ಇರುವ ಹೆಚ್ಚುವರಿ ಬಾಯಿಕೊಳವೆ ಸಾಮಾನ್ಯವಾಗಿ ಹಳದಿ; ಕಣ್ಣಿಗೆ ತಟ್ಟನೆ ಬೀಳಲೆಂದೇ ಆ ಬಣ್ಣ.

ಗಾಳಿ ಕಡಿಮೆಯಾಯಿತೆಂದು ಉಸಿರು ಬಿಗಿಹಿಡಿದು ಏರಲೇಬಾರದು. 10 ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಹಿಗ್ಗಿ ಎರಡರಷ್ಟಾಗುತ್ತದೆ. ಅಂಗಾಂಶ ಹರಿಯಲು ಅಷ್ಟು ಸಾಕು.

ಮೊದಲ ಸಲ ಹೋಗುವವರು ಈ ಲೆಕ್ಕ ಹಾಕಬೇಕಿಲ್ಲ. ತರಬೇತಿಯಿಲ್ಲದವರ ಪರಿಚಯ ಡೈವ್‌ಗೆ 12 ಮೀಟರ್ ಗಡಿ. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರುತ್ತಾರೆ. ಆದರೂ ಗೇಜ್ ಎಲ್ಲಿದೆ, ಎಷ್ಟು ಬಾರ್‌ಗೆ ಹಿಂತಿರುಗುತ್ತೀರಿ ಎಂದು ಕೇಳಿ. ಕೇಳುವ ಹಕ್ಕು ನಿಮ್ಮದು.

ಇನ್ನೊಂದು ಮಾತು, ಮಲೆನಾಡಿನವರಿಗೆ. ಸಾಗರ ಪಟ್ಟಣವಿರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಡೈವ್ ಮಾಡಿದವರ ಮೈಯಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ; ಎತ್ತರ ಏರಿ ವಾಯುಭಾರ ತಗ್ಗಿದರೆ ಅದು ಗುಳ್ಳೆಗಟ್ಟಬಹುದು. ವಿಮಾನ ಹತ್ತುವವರು ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ ಕಾಯಬೇಕೆಂಬ ಸಲಹೆಯಿದೆ. ಆದ್ದರಿಂದ ವರದಹಳ್ಳಿ, ಜೋಗ ಮೊದಲು ಮುಗಿಸಿ, ನೇತ್ರಾಣಿ ಕೊನೆಗಿಟ್ಟುಕೊಳ್ಳಿ. ಡೈವ್ ಆದ ರಾತ್ರಿ ಕಡಲತೀರದಲ್ಲೇ ಉಳಿದು ಮರುದಿನ ಘಟ್ಟ ಹತ್ತಿ.