ಊರಿನ ಪಂದ್ಯಾಟಕ್ಕೂ ಯೋಗ್ಯ ತೀರ್ಪುಗಾರರು ಬೇಕು

ಮಳೆಗಾಲ ಮುಗಿದು ಬಯಲುಗಳು ಒಣಗುತ್ತಲೇ ನಮ್ಮ ಕರಾವಳಿಯ ಊರುಗಳಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳು ಆರಂಭವಾಗುತ್ತವೆ. ಶಾಮಿಯಾನ, ಧ್ವನಿವರ್ಧಕ, ಟ್ರೋಫಿ, ಅತಿಥಿಗಳು ಎಲ್ಲಕ್ಕೂ ವಾರಗಟ್ಟಲೆ ಸಿದ್ಧತೆ ನಡೆಯುತ್ತದೆ. ಸೀಟಿ ಊದುವವರು ಯಾರೆಂಬುದು ಮಾತ್ರ ಎಷ್ಟೋ ಕಡೆ ಕೊನೆಯ ಗಳಿಗೆಯಲ್ಲಿ ನಿರ್ಧಾರವಾಗುತ್ತದೆ.

ಅಂಥ ಒಂದು ಪಂದ್ಯದಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ತೀರ್ಪುಗಾರನಾಗಿದ್ದುದನ್ನು ನಾವು ಕಂಡೆವು. ನಿರ್ಣಾಯಕ ಸೆಟ್ಟಿನಲ್ಲಿ ಚೆಂಡು ಗೆರೆಯನ್ನು ತಾಗಿತು. ಆತ ಅಂಕ ನೀಡಿದ. ಗೆರೆಗೆ ತಾಗಿದ ಚೆಂಡು ಅಂಕಣದೊಳಗೆ ಬಿದ್ದಂತೆಯೇ ಎಂಬುದು ನಿಯಮ. ಆದರೂ ಹಿರಿಯರೇ ಮುನ್ನುಗ್ಗಿ ಅವನನ್ನು ನಿಂದಿಸಿದರು. ನಾವೂ ಮೌನವಾಗಿದ್ದೆವು. ಆತ ಸೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮತ್ತೆಂದೂ ಅವನನ್ನು ಆ ಸ್ಥಾನದಲ್ಲಿ ನಾವು ಕಂಡಿಲ್ಲ.

ವೃತ್ತಿಪರತೆ ಎಂದರೆ ಸಂಬಳಕ್ಕೆ ದುಡಿಯುವುದೆಂದಷ್ಟೇ ತಿಳಿಯಬಾರದು. ಫುಟ್‌ಬಾಲಿಗೆ ಹಳದಿ, ಕೆಂಪು ಕಾರ್ಡುಗಳ ಕಲ್ಪನೆ ನೀಡಿದ ಇಂಗ್ಲೆಂಡಿನ ಕೆನ್ ಆಸ್ಟನ್ ಶಾಲಾ ಅಧ್ಯಾಪಕರಾಗಿದ್ದರು. 1966ರ ವಿಶ್ವಕಪ್‌ನಲ್ಲಿ ಯಾರಿಗೆ ಎಚ್ಚರಿಕೆ ನೀಡಲಾಯಿತೆಂಬುದೇ ತಿಳಿಯದೆ ಗೊಂದಲವಾದಾಗ, ರಸ್ತೆಯ ಸಂಚಾರ ದೀಪಗಳನ್ನು ಕಂಡು ಅವರಿಗೆ ಈ ಉಪಾಯ ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅದು ಬಳಕೆಗೆ ಬಂದಿತು. ತೀರ್ಪು ಸರಿಯಾಗಿದ್ದರೆ ಸಾಲದು, ಅದು ಎಲ್ಲರಿಗೂ ತಿಳಿಯುವಂತಿರಬೇಕೆಂಬುದೇ ಇದರ ಪಾಠ.

ಊರಿನ ತೀರ್ಪುಗಾರನೂ ಇದನ್ನು ಪಾಲಿಸಬಲ್ಲ. ಆಟಕ್ಕೆ ಮೊದಲೇ ಬಂದು ಬಲೆಯ ಎತ್ತರವನ್ನು ಅಳೆಯಲಿ: ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ನಿರ್ಣಾಯಕ ಸೆಟ್ 15 ಅಂಕಗಳದ್ದು, ಗೆಲ್ಲಲು ಎರಡು ಅಂಕಗಳ ಅಂತರ ಬೇಕು ಎಂಬುದನ್ನು ನಾಯಕರಿಗೆ ಮೊದಲೇ ನೆನಪಿಸಲಿ. ಸೀಟಿಯೊಡನೆ ಸ್ಪಷ್ಟವಾದ ಕೈಸನ್ನೆ ಇರಲಿ. ತನ್ನ ಮಗನೋ ತನ್ನ ಸಂಘವೋ ಆಡುವ ಪಂದ್ಯದಿಂದ ದೂರವಿರಲಿ.

ಸಂಘಟಕರಿಗೂ ಹೊಣೆಯಿದೆ. ಒಬ್ಬನೇ ನಾಲ್ಕೂ ಗೆರೆಗಳನ್ನು ಕಾಯಲಾರ. ಇಬ್ಬರು ತೀರ್ಪುಗಾರರು, ಅಂಕ ಬರೆಯುವವರೊಬ್ಬರು, ಕಡಿಮೆಯೆಂದರೆ ಇಬ್ಬರು ಗೆರೆ ತೀರ್ಪುಗಾರರು ಇರಲಿ. ಪಂದ್ಯಾಟಕ್ಕೆ ಮುಂಚೆ ಒಂದು ದಿನ ದೈಹಿಕ ಶಿಕ್ಷಕರಿಂದ ಯುವಕ ಯುವತಿಯರಿಗೆ ತರಬೇತಿ ಕೊಡಿಸಬಹುದು. ಬಹುಮಾನಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲು ತೀರ್ಪುಗಾರರ ಗೌರವಧನಕ್ಕೂ ಮೀಸಲಾಗಲಿ. ದೂರೇನಿದ್ದರೂ ತಂಡದ ನಾಯಕನೇ ಕೇಳಲಿ. ಬೇರೆ ಯಾರೂ ಅಂಕಣಕ್ಕೆ ಇಳಿಯಕೂಡದು.

ಇನ್ನು ಹೆತ್ತವರಾದ ನಮ್ಮ ಪಾಲು. ಅನ್ಯರ ತೀರ್ಪನ್ನು ಹೇಗೆ ಸ್ವೀಕರಿಸಬೇಕೆಂಬುದನ್ನು ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ. ಪಂದ್ಯ ಮುಗಿದ ಮೇಲೆ, ಸೋತಿರಲಿ ಗೆದ್ದಿರಲಿ, ಮಗನ ಕೈ ಹಿಡಿದು ತೀರ್ಪುಗಾರನ ಬಳಿಗೆ ಹೋಗಿ ಕೃತಜ್ಞತೆ ಹೇಳೋಣ. ಅಂದು ನಾವು ಹಾಗೆ ಮಾಡಿದ್ದರೆ ಆ ತರುಣ ಇಂದೂ ಸೀಟಿ ಹಿಡಿದು ನಿಂತಿರುತ್ತಿದ್ದನೇನೋ.